ಒಪ್ಪುವ ಬಣ್ಣ

ಹೋದ ವರ್ಷ ನನ್ನ ಕೈಗೊಂದು ಸಣ್ಣ ಅನುವಾದದ ಕೆಲಸ ಬಂತು. ಐಶ್ಯಾಡೋ ಡಬ್ಬಿಯ ಜೊತೆ ಮಡಚಿ ಇಡುವ ಎರಡು ಪುಟದ ಕೈಪಿಡಿ, ಇಂಗ್ಲಿಷಿನಿಂದ ಕನ್ನಡಕ್ಕೆ. ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ದುಡ್ಡು. ಮಧ್ಯಾಹ್ನ ಕೂತು ಮುಗಿಸಿ ಸಂಜೆಗೆ ಬಿಲ್ ಕಳಿಸಿಬಿಡೋಣ ಎಂದುಕೊಂಡವಳು ಮೂರು ದಿನ ಅದರಲ್ಲೇ ಸಿಕ್ಕಿಹಾಕಿಕೊಂಡೆ.

ಕೈಪಿಡಿಯ ನಡುವೆ ಒಂದು ಕೋಷ್ಟಕವಿತ್ತು. ಕಣ್ಣಿನ ಬಣ್ಣ ಯಾವುದೆಂದು ನೋಡಿಕೊಂಡು ಅದಕ್ಕೆ ತಕ್ಕ ಬಣ್ಣವನ್ನು ರೆಪ್ಪೆಗೆ ಹಚ್ಚಿಕೊಳ್ಳಿ ಎಂಬ ಸಲಹೆ. ನೀಲಿ ಕಣ್ಣಿಗೆ ತಾಮ್ರ, ಕಂಚು, ಪೀಚ್. ಹಸಿರು ಕಣ್ಣಿಗೆ ನೇರಳೆ, ಪ್ಲಮ್. ಹೇಜಲ್ ಕಣ್ಣಿಗೆ ಚಿನ್ನದ ಹೊಳಪು, ಪಾಚಿಹಸಿರು. ಈ ಮೂವರಿಗೂ ಮೂರು ಮೂರು ಸಾಲಿನ ವಿವರಣೆ. ಕೊನೆಯದು ಕಂದು ಕಣ್ಣು. ಅದಕ್ಕೆ ಒಂದೇ ಸಾಲು: ನೀವು ಅದೃಷ್ಟವಂತರು, ನಿಮಗೆ ಎಲ್ಲ ಬಣ್ಣವೂ ಒಪ್ಪುತ್ತದೆ.

ಈ ಪತ್ರ ಓದುತ್ತಿರುವ ನೀವೂ ಬರೆಯುತ್ತಿರುವ ನಾನೂ ಬಹುಪಾಲು ಆ ಕೊನೆಯ ಸಾಲಿಗೆ ಸೇರಿದವರು. ನಮ್ಮ ಓಣಿ, ನಮ್ಮ ಬಳಗ, ನಾವು ಮದುವೆಗಳಲ್ಲಿ ನೋಡಿದ ಮುಖಗಳು ಎಲ್ಲವೂ ಅಲ್ಲೇ. ಎಲ್ಲವೂ ಒಪ್ಪುತ್ತದೆ ಎನ್ನುವುದು ಕೇಳಲು ಹಿತವಾಗಿದೆ, ನಿಜ. ಆದರೆ ಅದು ಸಲಹೆಯಲ್ಲ. ಸಂತೆಯಲ್ಲಿ ಗಡಿಬಿಡಿಯಲ್ಲಿರುವ ಬಳೆಗಾರ "ಯಾವುದಾದರೂ ತಗೊಳ್ಳಿ ಅಮ್ಮಾ" ಅಂದಂತೆ.

ನನ್ನ ಕೈ ಮೊದಲು ನಿಂತದ್ದು ಮಾತ್ರ ಮೂರನೆಯ ಸಾಲಿನಲ್ಲಿ. ಹೇಜಲ್‌ಗೆ ಕನ್ನಡದಲ್ಲಿ ಏನೆನ್ನುವುದು? ನೀಲಿ, ಹಸಿರು, ಹೇಜಲ್, ಬೂದು ಎಂದು ಅವರು ಬಿಡಿಸಿ ಹೇಳುವುದನ್ನೆಲ್ಲ ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ಬೆಕ್ಕಿನ ಕಣ್ಣು. ಅವರ ಕೋಷ್ಟಕ ನಮ್ಮನ್ನೆಲ್ಲ ಒಂದು ಸಾಲಿಗೆ ತುಂಬಿದಂತೆ, ನಮ್ಮ ಭಾಷೆ ಅವರನ್ನೆಲ್ಲ ಒಂದು ಬೆಕ್ಕಿಗೆ ಕಟ್ಟಿಹಾಕಿದೆ. ಹತ್ತಿರದಿಂದ ದಿನಾ ನೋಡುವುದಕ್ಕೆ ಹೆಸರು ಹೆಚ್ಚು, ದೂರದ್ದಕ್ಕೆ ಕಡಿಮೆ. ಇದರಲ್ಲಿ ಯಾರ ತಪ್ಪೂ ಇಲ್ಲ. ತೊಂದರೆ ಶುರುವಾಗುವುದು ಒಂದು ಊರಿನ ಕೋಷ್ಟಕ ಇಡೀ ಲೋಕದ್ದೆಂದು ಅಚ್ಚಾಗಿ ಬಂದಾಗ.

ಅದೇ ವಾರ ಚಿಕ್ಕಮ್ಮನ ಮಗಳು ಪುಣೆಯಿಂದ ಫೋನ್ ಮಾಡಿದಳು. ಅವಳ ನಿಶ್ಚಿತಾರ್ಥಕ್ಕೆ ಒಂದು ತಿಂಗಳಿತ್ತು. ಮಾಲ್‌ನ ಅಂಗಡಿಯೊಂದರಲ್ಲಿ ಅಲ್ಲಿನ ಹುಡುಗಿ, "ನಿಮ್ಮ ಸ್ಕಿನ್ ಟೋನ್‌ಗೆ ಗಾಢ ಬಣ್ಣ ಬೇಡ, ತಿಳಿ ಗುಲಾಬಿ ಹಚ್ಚಿ" ಎಂದು ಹೇಳಿ ಹಚ್ಚಿಯೂ ಕಳಿಸಿದ್ದಳಂತೆ. ಮನೆಗೆ ಬಂದು ಕನ್ನಡಿ ನೋಡಿದರೆ ರೆಪ್ಪೆಯ ಮೇಲೆ ಬೂದಿ ಬಳಿದ ಹಾಗೆ. ಜೊತೆಗೆ ನಮ್ಮ ಚಿಕ್ಕಮ್ಮ ಎಲ್ಲರೆದುರೂ ಪ್ರೀತಿಯಿಂದಲೇ ಹೇಳುವ ಆ ಹಳೆಯ ಮಾತು: "ಕಪ್ಪಗಿದ್ರೂ ಲಕ್ಷಣವಾಗಿದಾಳೆ."

"ಅಕ್ಕಾ, ನೀನು ಅದನ್ನೇ ಅನುವಾದ ಮಾಡ್ತಿದೀಯಲ್ಲ, ನಂಗೆ ಯಾವ ಬಣ್ಣ ಒಪ್ಪತ್ತೆ ಹೇಳು" ಅಂದಳು.

ನನ್ನ ಕೈಯಲ್ಲಿದ್ದ ಕೋಷ್ಟಕದಲ್ಲಿ ಅವಳಿಗೆ ಉತ್ತರವಿರಲಿಲ್ಲ. ಹಾಗಾದರೆ ಈ ಕೋಷ್ಟಕ ಬಂದದ್ದು ಎಲ್ಲಿಂದ, ಯಾರ ಮುಖವನ್ನು ಎದುರಿಗಿಟ್ಟುಕೊಂಡು ಇದನ್ನು ಬರೆದರು ಎಂದು ಹುಡುಕುತ್ತಾ ಹೋದೆ. ದಾರಿ ಆರು ಸಾವಿರ ವರ್ಷ ಹಿಂದಕ್ಕೆ ಹೋಯಿತು.

*

ರೆಪ್ಪೆಗೆ ಬಣ್ಣ ಹಚ್ಚುವ ಅಭ್ಯಾಸದ ಅತಿ ಹಳೆಯ ಸಾಕ್ಷಿಗಳಲ್ಲಿ ಕೆಲವು ನೈಲ್ ನದಿಯ ದಂಡೆಯಲ್ಲಿ ಸಿಕ್ಕಿವೆ. ಫೇರೋಗಳು ಹುಟ್ಟುವ ಮೊದಲೇ, ಕ್ರಿ.ಪೂ. 4000ಕ್ಕೂ ಹಿಂದೆ, ಬದಾರಿ ಎಂಬ ಪ್ರದೇಶದ ಜನ ಸತ್ತವರ ಜೊತೆ ಎರಡು ವಸ್ತುಗಳನ್ನು ಹೂಳುತ್ತಿದ್ದರು: ಒಂದು ಚಪ್ಪಟೆ ಕಲ್ಲಿನ ಫಲಕ, ಜೊತೆಗೆ ಮ್ಯಾಲಕೈಟ್ ಎಂಬ ಹಸಿರು ಅದಿರಿನ ಉಂಡೆ. ಮ್ಯಾಲಕೈಟ್ ತಾಮ್ರದ ಅದಿರು. ನಮ್ಮ ಅಜ್ಜಿಯರು ಗಂಧದ ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ರೀತಿ ಆ ಅದಿರನ್ನು ಫಲಕದ ಮೇಲೆ ಅರೆದು, ಪುಡಿಗೆ ಜಿಡ್ಡು ಸೇರಿಸಿ ಕಣ್ಣಿನ ಸುತ್ತ ಹಚ್ಚುತ್ತಿದ್ದರು. ಫಲಕಗಳಿಗೆ ಮೀನು, ಆಮೆ, ಹಕ್ಕಿಯ ಆಕಾರ ಕೊಡುವ ರೂಢಿಯೂ ಬೆಳೆಯಿತು.

ಈಜಿಪ್ಟಿನ ಚರಿತ್ರೆಯ ಪಾಠ ನೆನಪಿದ್ದವರಿಗೆ ನಾರ್ಮರ್ ಫಲಕ ಗೊತ್ತಿರಬಹುದು. ಸುಮಾರು ಕ್ರಿ.ಪೂ. 3100ರ ಈ ಕಲ್ಲಿನ ಮೇಲೆ ರಾಜನೊಬ್ಬ ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿ ನಿಂತಿದ್ದಾನೆ. ದೇಶವನ್ನು ಒಂದುಗೂಡಿಸಿದ ಕತೆಯನ್ನು ಅದರಲ್ಲಿ ಓದುತ್ತಾರೆ. ಅದರ ಒಂದು ಮಗ್ಗುಲಲ್ಲಿ, ಉದ್ದ ಕೊರಳಿನ ಎರಡು ಮೃಗಗಳು ಹೆಣೆದುಕೊಂಡಿರುವ ಕಡೆ, ದುಂಡನೆಯ ಒಂದು ಗುಳಿಯಿದೆ. ಅದು ಕಣ್ಣಿನ ಬಣ್ಣ ಅರೆಯುವ ಜಾಗ. ನಿತ್ಯ ಬಳಕೆಗಲ್ಲದೆ ದೇವಾಲಯಕ್ಕೆಂದು ಮಾಡಿದ ಫಲಕವಾದರೂ ಆ ಗುಳಿಯನ್ನು ಬಿಟ್ಟಿಲ್ಲ. ಒಂದು ರಾಜ್ಯದ ಮೊದಲ ದೊಡ್ಡ ದಾಖಲೆಗಳಲ್ಲೊಂದು ಕೆತ್ತಲ್ಪಟ್ಟದ್ದು ಕಣ್ಣಿನ ಬಣ್ಣ ಅರೆಯುವ ಕಲ್ಲಿನ ಮೇಲೆ.

ಹಸಿರಿನ ಜೊತೆಗೆ ಕಪ್ಪು ಬಂತು. ಅದು ಸೀಸದ ಅದಿರಾದ ಗೆಲೀನಾ. ಹಸಿರಿಗೆ ಅವರ ಭಾಷೆಯ ಹೆಸರು ಚಿಗುರು, ತಾಜಾತನ ಎಂಬ ಅರ್ಥದ ಪದದಿಂದಲೇ ಬಂದದ್ದು. ಕಾಲ ಕಳೆದಂತೆ ಹಸಿರು ಹಿಂದೆ ಸರಿದು ಕಪ್ಪು ಮೇಲುಗೈ ಪಡೆಯಿತು. ಗಂಡಸರು, ಹೆಂಗಸರು, ಸಿರಿವಂತರು, ಕೂಲಿಯವರು ಎಲ್ಲರೂ ಹಚ್ಚುತ್ತಿದ್ದರು. ಅಂದಕ್ಕೆ ಮಾತ್ರವಲ್ಲ, ಬಿಸಿಲಿನ ಝಳಕ್ಕೆ, ಕಣ್ಣುಬೇನೆಗೆ, ದೇವರ ರಕ್ಷೆಗೆ ಕೂಡ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಈಜಿಪ್ಟಿನ ಅಂಜನದ ಭರಣಿಗಳಲ್ಲಿ ಉಳಿದಿದ್ದ ಪುಡಿಯನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿದಾಗ, ನಿಸರ್ಗದಲ್ಲಿ ಅಪರೂಪವಾದ ಎರಡು ಸೀಸದ ಲವಣಗಳು ಸಿಕ್ಕವು. ಅವುಗಳನ್ನು ಯಾರೋ ವಾರಗಟ್ಟಲೆ ನೀರು, ಉಪ್ಪು ಬಳಸಿ ತಾವೇ ತಯಾರಿಸಿದ್ದರು. 2010ರಲ್ಲಿ ಅದೇ ತಂಡ ಆ ಲವಣಗಳು ಅತಿ ಸಣ್ಣ ಪ್ರಮಾಣದಲ್ಲಿ ಚರ್ಮದ ಕೋಶಗಳನ್ನು ರೋಗಾಣುಗಳ ವಿರುದ್ಧ ಚುರುಕುಗೊಳಿಸಬಲ್ಲವು ಎಂದು ತೋರಿಸಿತು. ಸೀಸ ವಿಷ ಎನ್ನುವುದೂ ಅಷ್ಟೇ ನಿಜ. ಸೀಸವಿರುವ ಸುರುಮೆ, ಕಾಡಿಗೆಗಳನ್ನು, ಅದರಲ್ಲೂ ಮಕ್ಕಳಿಗೆ, ಹಚ್ಚಬೇಡಿ ಎಂದು ಇಂದಿನ ವೈದ್ಯರು ಹೇಳುವುದು ಆ ಕಾರಣಕ್ಕೆ.

ಇದನ್ನೆಲ್ಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ನೈಲ್ ದಂಡೆಯ ಜನರ ಮೈ ಕಂದಿನ ಹಲವು ಛಾಯೆಗಳದ್ದು, ಕಣ್ಣು ಕಡುಕಂದು. ಅಂದರೆ ನಮಗೆ ಗೊತ್ತಿರುವ ಅತಿ ಹಳೆಯ ಐಶ್ಯಾಡೋ ಕಂದು ಮೈಯ ಮೇಲೆ, ಕಂದು ಕಣ್ಣಿನ ಸುತ್ತ ಹಚ್ಚಿದ ಅಚ್ಚ ಹಸಿರು. ಈ ಚರಿತ್ರೆ ಶುರುವಾದದ್ದೇ ಕೋಷ್ಟಕದ ಕೊನೆಯ ಸಾಲಿನಿಂದ.

*

ಆ ಕಪ್ಪು ಪುಡಿ ಊರೂರು ಸುತ್ತಿತು, ಅದರ ಹೆಸರೂ ಸುತ್ತಿತು. ಅರಬ್ಬಿಯಲ್ಲಿ ಅದು ಕುಹ್ಲ್. ಅತಿ ನುಣ್ಣಗೆ ಮಾಡಿದ ಪುಡಿ ಎಂಬ ಅರ್ಥದಿಂದ ಯಾವುದೇ ವಸ್ತುವಿನ ಶುದ್ಧ ಸಾರ ಎಂಬ ಅರ್ಥಕ್ಕೆ ಜಾರಿ, ಯುರೋಪಿನ ರಸವಾದಿಗಳ ಕೈಯಲ್ಲಿ ಬಟ್ಟಿಯಿಳಿಸಿದ ಮದ್ಯಸಾರಕ್ಕೆ ಅಂಟಿಕೊಂಡಿತು. ಆಲ್ಕೋಹಾಲ್ ಎನ್ನುವ ಪದ ಹುಟ್ಟಿದ್ದು ಹಾಗೆ, ಕಣ್ಣಿನ ಕಪ್ಪಿನಿಂದ.

ನಮ್ಮ ಕಡೆಯ ಹೆಸರುಗಳೂ ಸುಮ್ಮನೆ ಬಂದವಲ್ಲ. ಸಂಸ್ಕೃತದ ಅಂಜನ ಎಂದರೆ ಬಳಿಯುವುದು, ಲೇಪ. ಕಪ್ಪಿಲ್ಲದ, ಕಲೆಯಿಲ್ಲದ ದೇವರು ನಿರಂಜನ. ಹಿಂದಿಯ ಕಾಜಲ್‌ನ ಹಿಂದೆ ಕಜ್ಜಲವಿದೆ. ತೆಲುಗಿನವರಿಗೆ ಕಾಟುಕ, ನಮಗೆ ಕಾಡಿಗೆ. ತಮಿಳಿನಲ್ಲಿ ಅದು ಮೈ. ಚೆನ್ನೈನಲ್ಲಿರುವ ಕನ್ನಡಿಗರಿಗೆ ಈ ಪದ ಮೊದಮೊದಲು ಕಚಗುಳಿ ಇಟ್ಟಿರಬೇಕು. ಒಂದು ಭಾಷೆಯಲ್ಲಿ ದೇಹ, ಪಕ್ಕದ ಭಾಷೆಯಲ್ಲಿ ಕಣ್ಕಪ್ಪು.

ನಮ್ಮ ಅಜ್ಜಿ ಕಾಡಿಗೆಯನ್ನು ಮನೆಯಲ್ಲೇ ಮಾಡುತ್ತಿದ್ದರು. ಗರುಗದ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ ನೆರಳಲ್ಲಿ ಒಣಗಿಸಿ, ಅದರಲ್ಲೇ ಬತ್ತಿ ಹೊಸೆದು, ಹರಳೆಣ್ಣೆಯ ಹಣತೆ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ತಟ್ಟೆಯ ಒಳಮೈಯಲ್ಲಿ ಮಸಿ ಕಟ್ಟಿರುತ್ತಿತ್ತು. ಅದನ್ನು ಕೆರೆದು ಒಂದು ತೊಟ್ಟು ತುಪ್ಪ ಸೇರಿಸಿ ಬೆರಳಲ್ಲಿ ತಿಕ್ಕಿದರೆ ಕಾಡಿಗೆ. ಮನೆಯ ಕೂಸಿಗೆ ಅದರಿಂದ ಮೊದಲು ಇಡುತ್ತಿದ್ದದ್ದು ಕೆನ್ನೆಯ ಮೇಲೊಂದು ದೊಡ್ಡ ದೃಷ್ಟಿಬೊಟ್ಟು, ಅದೂ ಬೇಕೆಂದೇ ಸೊಟ್ಟಗೆ. ಮಗು ಚೆಂದ ಕಾಣಲಿ ಎಂದಲ್ಲ, ತೀರಾ ಚೆಂದ ಕಂಡು ಯಾರ ಕಣ್ಣೂ ತಾಗದಿರಲಿ ಎಂದು. ನಮ್ಮಲ್ಲಿ ಎಷ್ಟೋ ಜನರ ಮುಖದ ಮೇಲೆ ಬಿದ್ದ ಮೊದಲ ಬಣ್ಣ ಅಂದವನ್ನು ಒಂದಿಷ್ಟು ಕೆಡಿಸುವುದಕ್ಕೆ ಹಚ್ಚಿದ್ದು.

ರಂಗದ ಮೇಲಿನ ಬಣ್ಣದ ಲೆಕ್ಕ ಇನ್ನೂ ಬೇರೆ. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಮುಖವರ್ಣಿಕೆ ಮಾಡಿಕೊಳ್ಳುವ ಕಲಾವಿದ ತನ್ನ ಕಣ್ಣಿನ ಬಣ್ಣ ಯಾವುದೆಂದು ಕೇಳಿಕೊಳ್ಳುವುದಿಲ್ಲ. ಇವತ್ತು ತಾನು ರಾಜನೋ, ರಕ್ಕಸನೋ, ಸ್ತ್ರೀವೇಷವೋ ಎಂದಷ್ಟೇ ಕೇಳಿಕೊಳ್ಳುತ್ತಾನೆ. ಬಣ್ಣ ಒಪ್ಪಬೇಕಾದದ್ದು ವೇಷಕ್ಕೆ, ದೀಪದ ಬೆಳಕಿಗೆ, ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನ ದೃಷ್ಟಿಗೆ.

ಹೀಗೆ ಸಾವಿರಾರು ವರ್ಷ ಕಣ್ಣಿನ ಬಣ್ಣವನ್ನು ಆರಿಸಿದ್ದು ಬಿಸಿಲು, ಬೇನೆ, ದೇವರು, ದೃಷ್ಟಿ, ವೇಷ ಇವುಗಳಿಗಾಗಿ. ಇವಳ ಮುಖಕ್ಕೆ ಇದು, ಅವಳ ಮುಖಕ್ಕೆ ಅದು ಎಂದು ನಿಯಮ ಕಟ್ಟಿ ಶಾಸ್ತ್ರದಂತೆ ಬೋಧಿಸತೊಡಗಿದ್ದು ತೀರಾ ಈಚೆಗೆ. ಅದರ ಬೇರು ಒಂದು ನೇಯ್ಗೆಯ ಕಾರ್ಖಾನೆಯಲ್ಲಿದೆ.

*

1824ರಲ್ಲಿ ಮಿಶೆಲ್ ಯುಜೀನ್ ಶೆವ್ರೇಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೋಬ್ಲಾಂ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅರಮನೆಗಳ ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆಗೆ ಹೆಸರಾದ ಜಾಗ ಅದು. ಅಲ್ಲಿ ಅವನಿಗೆ ಒಂದು ದೂರು ಬಂತು: ಕಪ್ಪು ಉಣ್ಣೆ ಕೆಲವು ಕಡೆ ಕಳೆಗುಂದಿ ಕಾಣುತ್ತದೆ. ಶೆವ್ರೇಲ್ ಬಣ್ಣವನ್ನು ಪರೀಕ್ಷಿಸಿ ನೋಡಿದ. ಬಣ್ಣದಲ್ಲಿ ದೋಷವಿರಲಿಲ್ಲ. ಅದೇ ಕಪ್ಪು ಎಳೆ ನೀಲಿಯ ಪಕ್ಕ ಕೂತಾಗ ಮಂಕಾಗಿ ಕಾಣುತ್ತಿತ್ತು. ದೋಷವಿದ್ದದ್ದು ನೆರೆಹೊರೆಯಲ್ಲಿ.

ಇದನ್ನು ಹಿಡಿದುಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿ 1839ರಲ್ಲಿ ಅವನೊಂದು ದಪ್ಪ ಪುಸ್ತಕ ತಂದ. ಅದರ ಸಾರ ಇಷ್ಟು. ಎರಡು ಬಣ್ಣಗಳು ಅಕ್ಕಪಕ್ಕ ಬಂದಾಗ ಪ್ರತಿಯೊಂದೂ ಇನ್ನೊಂದನ್ನು ತನ್ನ ವಿರುದ್ಧ ಬಣ್ಣದ ಕಡೆಗೆ ತಳ್ಳುತ್ತದೆ. ಕೆಂಪಿಗೆ ಹಸಿರು, ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ ವಿರುದ್ಧ. ಹಸಿರಿನ ಪಕ್ಕದ ಕೆಂಪು ಇನ್ನಷ್ಟು ಕೆಂಪಾಗುತ್ತದೆ. ಮದುವೆಯ ಸೀರೆಗೆ ಕೆಂಪು ಒಡಲು, ಹಸಿರು ಅಂಚು ಇಡುವ ನಮ್ಮ ನೇಕಾರರಿಗೆ ಕೈಯಿಂದ ಗೊತ್ತಿದ್ದದ್ದನ್ನು ಶೆವ್ರೇಲ್ ನಿಯಮವಾಗಿ ಬರೆದ. ಮುಂದೆ ಫ್ರಾನ್ಸಿನ ಚಿತ್ರಕಾರರು ಈ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಅದೇ ಪುಸ್ತಕದಲ್ಲಿ ಉಡುಪಿನ ಬಗ್ಗೆಯೂ ಒಂದು ಭಾಗವಿದೆ. ಹೊಂಗೂದಲಿನವರಿಗೆ ಆಕಾಶನೀಲಿ ಚೆಂದ, ಕಪ್ಪುಗೂದಲಿನವರಿಗೆ ಹಳದಿ, ಕಿತ್ತಳೆ ಎಂದು ಶೆವ್ರೇಲ್ ಹೇಳುತ್ತಾನೆ. ಟೋಪಿಯ ಒಳಬಟ್ಟೆ ಯಾವ ಬಣ್ಣದ್ದಾದರೆ ಕೆನ್ನೆ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕುತ್ತಾನೆ. ತಾಮ್ರದ ಮೈಬಣ್ಣದವರು, ಕಪ್ಪು ಮೈಬಣ್ಣದವರು ಅವನ ಪುಸ್ತಕದಲ್ಲಿ ಇಲ್ಲದಿಲ್ಲ, ಆದರೆ ಚುಟುಕಾಗಿ, ಕೊನೆಯ ಕಡೆಗೆ. ಅವನ ಎದುರಿಗೆ ದಿನಾ ಇದ್ದದ್ದು ಪ್ಯಾರಿಸ್ಸಿನ ಮುಖಗಳು. ನನ್ನ ಕೈಪಿಡಿಯ ಕೋಷ್ಟಕ ಬಹುಮಟ್ಟಿಗೆ ಶೆವ್ರೇಲ್‌ನ ನಿಯಮದ ಮೊಮ್ಮಗು. ನೀಲಿ ಕಣ್ಣಿಗೆ ತಾಮ್ರ ಏಕೆ? ನೀಲಿಯ ವಿರುದ್ಧ ಬಣ್ಣ ಕಿತ್ತಳೆ, ತಾಮ್ರ ಅದರ ನೆಂಟ. ನಿಯಮ ಎಲ್ಲರ ಕಣ್ಣಿಗೂ ಒಂದೇ. ಅದಕ್ಕೆ ಕೊಟ್ಟ ಉದಾಹರಣೆಗಳು ಒಂದು ಊರಿನವು.

*

ಆ ಉದಾಹರಣೆಗಳನ್ನು ಲೋಕಕ್ಕೆಲ್ಲ ಹಂಚಿದ್ದು ಹಾಲಿವುಡ್.

ಮ್ಯಾಕ್ಸ್ ಫ್ಯಾಕ್ಟರ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ, ಕಸುಬಿನಲ್ಲಿ ವಿಗ್ ಕಟ್ಟುವವನು. ರಷ್ಯಾದ ರಂಗಭೂಮಿಯಲ್ಲಿ ಪಳಗಿ 1904ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ಸಿನಿಮಾ ಆಗ ತಾನೇ ಕಣ್ಣು ಬಿಡುತ್ತಿತ್ತು. ಅಂದಿನ ಕಪ್ಪುಬಿಳುಪು ಫಿಲಂಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಕೆಂಪು ತುಟಿ ಪರದೆಯ ಮೇಲೆ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬೆಳ್ಳಗೆ ಕರಗಿಹೋಗುತ್ತಿತ್ತು. ಬಿಳಿಯರ ಮುಖ ಬಿಳಿಯಾಗಿ ಕಾಣಬೇಕಾದರೆ ಹಳದಿ ಮಿಶ್ರಿತ ಬಣ್ಣ ಮೆತ್ತಬೇಕಾಗಿತ್ತು. 1920ರ ದಶಕದಲ್ಲಿ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಹೊಸ ಫಿಲಂ ಬಳಕೆಗೆ ಬಂದಾಗ ಹಳೆಯ ಮೇಕಪ್ ಕೆಲಸಕ್ಕೆ ಬಾರದಾಯಿತು. ಅದಕ್ಕೆ ಹೊಂದುವ ಬಣ್ಣಗಳನ್ನು ಫ್ಯಾಕ್ಟರ್ 1928ರಲ್ಲಿ ತಂದ. ಯಕ್ಷಗಾನದ ಕಲಾವಿದ ದೀಪಕ್ಕೆ ಒಪ್ಪುವಂತೆ ಹಚ್ಚಿದರೆ ಫ್ಯಾಕ್ಟರ್ ಹಚ್ಚಿದ್ದು ಫಿಲಂಗೆ ಒಪ್ಪುವಂತೆ.

ಆದರೆ ಫಿಲಂ ನಟಿಯರಿಗಿಂತ ಫಿಲಂ ನೋಡುವವರ ಸಂಖ್ಯೆ ದೊಡ್ಡದು. ಅವರಿಗಾಗಿ ಅವನು 1918ರಲ್ಲೇ ಒಂದು ಸೂತ್ರ ಹೊರಡಿಸಿದ್ದ: ಪೌಡರ್, ರೂಜ್, ಲಿಪ್‌ಸ್ಟಿಕ್ ಎಲ್ಲವೂ ನಿಮ್ಮ ಮೈಬಣ್ಣ, ಕೂದಲು, ಕಣ್ಣು ಮೂರಕ್ಕೂ ಹೊಂದಬೇಕು. ಬಣ್ಣಗಳ ಸಾಮರಸ್ಯ ಎಂದು ಅದಕ್ಕೆ ಹೆಸರು. 1935ರಲ್ಲಿ ಹಾಲಿವುಡ್‌ನಲ್ಲಿ ತೆರೆದ ಅವನ ಸಲೂನಿನಲ್ಲಿ ಈ ಸೂತ್ರಕ್ಕೆ ಗೋಡೆಗಳೇ ಎದ್ದವು. ಹೊಂಗೂದಲಿನವರಿಗೆ ನೀಲಿ ಕೋಣೆ, ಕೆಂಗೂದಲಿನವರಿಗೆ ತಿಳಿಹಸಿರು ಕೋಣೆ, ಕಪ್ಪುಗೂದಲಿನವರಿಗೆ ಗುಲಾಬಿ ಕೋಣೆ, ಕಂದುಗೂದಲಿನವರಿಗೆ ಪೀಚ್ ಬಣ್ಣದ ಕೋಣೆ. ಆ ಕಟ್ಟಡ ಈಗ ಹಾಲಿವುಡ್‌ನ ಸಂಗ್ರಹಾಲಯ. ನಾಲ್ಕು ಬಾಗಿಲು, ನಾಲ್ಕು ಬಗೆಯ ಕೂದಲು. ಮೈಬಣ್ಣಕ್ಕೆ ಬೇರೆ ಬಾಗಿಲಿರಲಿಲ್ಲ. ಒಳಗೆ ಬರುವವರ ಮೈ ಬಿಳಿಯದು ಎಂದು ಮೊದಲೇ ಊಹಿಸಿದ್ದಾಗಿತ್ತು.

ಊಹೆ ಕೈಕೊಟ್ಟ ಒಂದು ಪ್ರಸಂಗ ಇದೆ. 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋ ಲೀನಾ ಹಾರ್ನ್ ಎಂಬ ಕಪ್ಪು ಗಾಯಕಿಯನ್ನು ಗುತ್ತಿಗೆಗೆ ತೆಗೆದುಕೊಂಡಿತು. ಅವರ ತಿಳಿಕಂದು ಮೈಬಣ್ಣಕ್ಕೆಂದು ಫ್ಯಾಕ್ಟರ್ ಕಂಪನಿಯಿಂದ ಒಂದು ಹೊಸ ಛಾಯೆ ಮಾಡಿಸಿದರು. ಅದರ ಹೆಸರು ಲೈಟ್ ಈಜಿಪ್ಷಿಯನ್, ತಿಳಿ ಈಜಿಪ್ಟ್. ಆ ಛಾಯೆಯನ್ನು ಮುಂದೆ ಬಿಳಿಯ ನಟಿಯರಿಗೆ ಮೆತ್ತಿ, ಮಿಶ್ರ ಜನಾಂಗದ ಪಾತ್ರಗಳನ್ನು ಅವರಿಗೇ ಕೊಟ್ಟರು ಎಂದು ಹಾರ್ನ್ ಸ್ವತಃ ಹೇಳಿಕೊಂಡಿದ್ದಾರೆ. 1951ರ ಶೋ ಬೋಟ್ ಚಿತ್ರದಲ್ಲಿ ಜೂಲಿಯ ಪಾತ್ರ ಹೋದದ್ದು ಏವಾ ಗಾರ್ಡ್‌ನರ್‌ಗೆ. ಅದೇ ಪಾತ್ರವನ್ನು ಹಾರ್ನ್ ಐದು ವರ್ಷ ಮೊದಲು ಬೇರೊಂದು ಚಿತ್ರದ ತುಣುಕಿನಲ್ಲಿ ಮಾಡಿ ತೋರಿಸಿದ್ದರು. ಅವರಿಗೆಂದು ಕಲಸಿದ ಬಣ್ಣಕ್ಕೆ ಜಾಗ ಸಿಕ್ಕಿತು, ಅವರಿಗೆ ಸಿಗಲಿಲ್ಲ.

ಈಜಿಪ್ಟ್ ಹಾಲಿವುಡ್‌ಗೆ ಇನ್ನೊಮ್ಮೆ ಬಂತು. 1963ರ ಕ್ಲಿಯೋಪಾತ್ರ ಚಿತ್ರದಲ್ಲಿ ಎಲಿಜಬೆತ್ ಟೇಲರ್ ಹುಬ್ಬಿನವರೆಗೂ ಹಚ್ಚಿಕೊಂಡ ನೀಲಿ ಐಶ್ಯಾಡೋ ಅರವತ್ತರ ದಶಕದ ರೂಢಿಯಾಯಿತು. ಇಂದಿಗೂ ಈಜಿಪ್ಟಿನ ಕಣ್ಣು ಎಂದರೆ ಜನರ ತಲೆಯಲ್ಲಿ ಬರುವುದು ಆ ನೀಲಿ. ಟೇಲರ್ ಅವರ ನೇರಳೆ ಛಾಯೆಯ ನೀಲಿ ಕಣ್ಣು ಲೋಕಪ್ರಸಿದ್ಧ. ಕಂದು ಕಣ್ಣಿನವರ ಹಸಿರು, ಕಪ್ಪು ಹೀಗೆ ನೀಲಿ ಕಣ್ಣಿನ ನೀಲಿಯಾಗಿ ನಮಗೆ ವಾಪಸ್ಸು ಬಂತು.

*

ಭಾರತದಲ್ಲಿ ಈ ಪೇಟೆ ತೆರೆದ ಮುಖ್ಯ ಹೆಸರು ಲ್ಯಾಕ್ಮೆ. 1952ರಲ್ಲಿ ಟಾಟಾ ಸಂಸ್ಥೆ ಶುರುಮಾಡಿದ ಈ ಕಂಪನಿಗೆ ಲಿಯೋ ದೆಲೀಬ್‌ನ 1883ರ ಫ್ರೆಂಚ್ ಗೀತನಾಟಕದ ಹೆಸರಿಟ್ಟರು. ಬ್ರಿಟಿಷರ ಕಾಲದ ಭಾರತದಲ್ಲಿ ನಡೆಯುವ ಆ ಕತೆಯ ನಾಯಕಿ ಪೂಜಾರಿಯ ಮಗಳು, ಹೆಸರು ಲಕ್ಷ್ಮಿಯ ಫ್ರೆಂಚ್ ರೂಪ. ನಮ್ಮ ಲಕ್ಷ್ಮಿ ಪ್ಯಾರಿಸ್ಸಿಗೆ ಹೋಗಿ ಲ್ಯಾಕ್ಮೆಯಾಗಿ ಮುಂಬೈಗೆ ಮರಳಿದಳು. ಪದಗಳನ್ನು ಬೆನ್ನಟ್ಟುವುದೇ ಕಸುಬಾದ ನನಗೆ ಅದೊಂದು ಮುನ್ಸೂಚನೆಯಂತೆ ಕಾಣುತ್ತದೆ. ಮುಂದೆ ನಮ್ಮ ಮುಖ ನಮಗೇ ಹೀಗೆ ಸುತ್ತಿ ಬರಬೇಕಾಯಿತು.

1980ರಲ್ಲಿ ಕ್ಯಾರೊಲ್ ಜ್ಯಾಕ್ಸನ್ ಎಂಬ ಅಮೆರಿಕದ ಲೇಖಕಿಯ ಪುಸ್ತಕವೊಂದು ಭಾರಿ ಮಾರಾಟವಾಯಿತು. ಮನುಷ್ಯರನ್ನು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಎಂದು ನಾಲ್ಕು ಋತುಗಳಾಗಿ ಹಂಚಿ ಯಾರಿಗೆ ಯಾವ ಬಣ್ಣ ಎಂದು ಹೇಳುವ ಪದ್ಧತಿ. ಬಿಳಿಯರಿಗೆ ನಾಲ್ಕೂ ಋತುಗಳಿದ್ದವು. ಕಪ್ಪು ಜನ, ಏಷ್ಯಾದ ಜನ ಹೆಚ್ಚಾಗಿ ಚಳಿಗಾಲಕ್ಕೆ ಸೇರಿದರು. ಚೆನ್ನೈನಲ್ಲಿ ಕೂತು ಈ ಸಾಲು ಓದುತ್ತಿರುವವರಿಗೆ ನಗು ಬಂದರೆ ಅದು ನ್ಯಾಯವೇ.

ಇನ್ನು ನನ್ನ ಕೈಪಿಡಿಯ ಮೊದಲ ಪದಕ್ಕೆ ಬರುತ್ತೇನೆ. ಡಬ್ಬಿಯ ಮೊದಲ ಬಣ್ಣದ ಹೆಸರು ನ್ಯೂಡ್. ಕನ್ನಡದಲ್ಲಿ ನಗ್ನ ಎಂದು ಬರೆದರೆ ಡಬ್ಬಿ ಅಂಗಡಿಯ ಹಿಂಬಾಗಿಲಲ್ಲಿ ಮಾರಾಟವಾಗಬೇಕಾದೀತು. ಮೈಬಣ್ಣ ಎಂದು ಬರೆದೆ. ಬರೆದ ಮೇಲೆ ಪ್ರಶ್ನೆ ಎದ್ದಿತು: ಯಾರ ಮೈ? ಡಬ್ಬಿಯಲ್ಲಿದ್ದದ್ದು ತಿಳಿ ಪೀಚ್. ಅಮೆರಿಕದ ಕ್ರೇಯಾಲಾ ಕಂಪನಿಯ ಮಕ್ಕಳ ಬಣ್ಣದ ಕಡ್ಡಿಗಳಲ್ಲಿ ಇಂಥದೇ ಒಂದಕ್ಕೆ ಚರ್ಮ ಎಂಬ ಅರ್ಥದ ಹೆಸರಿತ್ತು. 1962ರಲ್ಲಿ ಅದನ್ನು ಪೀಚ್ ಎಂದು ಬದಲಿಸಿದರು. ಮಕ್ಕಳ ಡಬ್ಬಿಯಲ್ಲಿ ಅರವತ್ತು ವರ್ಷದ ಹಿಂದೆ ತಿದ್ದಿದ ತಪ್ಪು ದೊಡ್ಡವರ ಡಬ್ಬಿಯಲ್ಲಿ ಹಾಗೇ ಉಳಿದಿತ್ತು.

ಅಳತೆಗೋಲುಗಳ ಚರಿತ್ರೆಯೂ ಹೀಗೇ ಸಾಗಿದೆ. 1975ರಲ್ಲಿ ಹಾರ್ವರ್ಡ್‌ನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಬೆಳಕಿನ ಚಿಕಿತ್ಸೆಯ ಪ್ರಮಾಣ ನಿಗದಿ ಮಾಡಲು ಚರ್ಮವನ್ನು ಬಗೆಗಳಾಗಿ ವಿಂಗಡಿಸಿದರು. ಮೊದಲು ಇದ್ದದ್ದು ಬಿಳಿ ಚರ್ಮದ ನಾಲ್ಕು ಬಗೆ. ಕಂದು, ಕಪ್ಪು ಎಂಬ ಇನ್ನೆರಡು ಆಮೇಲೆ ಸೇರಿದವು. ನಿಮ್ಮ ಫೋನಿನ ಎಮೋಜಿಗಳ ಮೈಬಣ್ಣಕ್ಕೆ ಆಧಾರ 2015ರಿಂದ ಅದೇ ಅಳತೆ. 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಕಂಪನಿ ಫೌಂಡೇಷನ್ನನ್ನು ಮೊದಲ ದಿನವೇ 40 ಛಾಯೆಗಳಲ್ಲಿ ತಂದಾಗ ಕಡುಕಂದು ಛಾಯೆಗಳಿಗೂ ಗಿರಾಕಿಗಳು ಮುಗಿಬಿದ್ದರು. ಆಮೇಲೆ ಬೇರೆ ಕಂಪನಿಗಳೂ ಛಾಯೆಗಳನ್ನು ಹೆಚ್ಚಿಸಿದವು.

ನನ್ನ ತಂಗಿಯ ರೆಪ್ಪೆಯ ಮೇಲಿನ ಬೂದಿಗೂ ಇಲ್ಲೇ ಉತ್ತರವಿದೆ. ತಿಳಿ ಬಣ್ಣದ ಐಶ್ಯಾಡೋಗಳಲ್ಲಿ ಸಾಮಾನ್ಯವಾಗಿ ಬಿಳಿ ಪುಡಿ, ಹೆಚ್ಚಾಗಿ ಟೈಟೇನಿಯಂ ಡೈಆಕ್ಸೈಡ್, ಸೇರಿರುತ್ತದೆ. ಬಿಳಿ ಚರ್ಮದ ಮೇಲೆ ಆ ಬಿಳುಪು ಚರ್ಮದಲ್ಲೇ ಸೇರಿಹೋಗಿ ಗುಲಾಬಿ ಮಾತ್ರ ಉಳಿಯುತ್ತದೆ. ಕಂದು ಚರ್ಮದ ಮೇಲೆ ಬಿಳುಪೇ ಮೊದಲು ಕಣ್ಣಿಗೆ ಬೀಳುತ್ತದೆ, ಗುಲಾಬಿ ಬೂದಿಯಾಗುತ್ತದೆ. ಅಂಗಡಿಯ ಹುಡುಗಿ ಹೇಳಿದ್ದು ಉಲ್ಟಾ. ಕಂದು ಮೈಗೆ ಬೇಕಾದದ್ದು ತಿಳಿಯಲ್ಲ, ತುಂಬಿದ ಬಣ್ಣ. ತಾಮ್ರ, ಮಾಗಿದ ನೇರಳೆಹಣ್ಣು, ಇಂಡಿಗೋ ನೀಲಿ, ಹಳೆಯ ಚಿನ್ನ. ಮತ್ತು ಬದಾರಿಯ ಗೋರಿಗಳಲ್ಲಿ ಸಿಕ್ಕ ಆ ಹಸಿರು.

*

ಕನ್ನಡದಲ್ಲಿ ಕಣ್ಣಿನ ಬಣ್ಣಕ್ಕೆ ಪದ ಕಡಿಮೆ ಎಂದೆ. ಮೈಬಣ್ಣಕ್ಕೆ ಹಾಗಲ್ಲ. ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿಬಣ್ಣ, ನಸುಗಪ್ಪು, ಶ್ಯಾಮಲ. ಎಣ್ಣೆಗೆಂಪು ಎನ್ನುವಾಗ ಬಣ್ಣದ ಜೊತೆ ಅದರ ಹೊಳಪನ್ನೂ ಹೇಳುತ್ತೇವೆ. ಯಾವ ಕಂಪನಿಯ ಛಾಯೆಗಳ ಪಟ್ಟಿಗೂ ಇದು ಕಡಿಮೆಯಿಲ್ಲ. ಆದರೆ ಈ ಪದಗಳನ್ನು ನಾವು ಬಳಸಿರುವುದು ಹೆಚ್ಚಾಗಿ ಗಂಡಿನ ಕಡೆಯವರಿಗೆ ಹೆಣ್ಣಿನ ಬಣ್ಣ ಒಪ್ಪಿಸುವಾಗ, ಮೆಟ್ಟಿಲುಗಳ ಹಾಗೆ, ಒಂದರ ಕೆಳಗೊಂದು. "ಕಪ್ಪಗಿದ್ರೂ" ಎನ್ನುವಲ್ಲಿರುವ ಆ ರೂ ಎಂಬ ಒಂದಕ್ಷರವನ್ನು ಹಾಲಿವುಡ್ ನಮಗೆ ಕಲಿಸಲಿಲ್ಲ. ಅದು ನಮ್ಮ ಅಡುಗೆಮನೆಯದೇ. ದೂರದ ಕೋಷ್ಟಕವನ್ನು ಬೈದು ಇದನ್ನು ಮರೆತರೆ ಈ ಚರಿತ್ರೆಯ ಅರ್ಧವನ್ನಷ್ಟೇ ಹೇಳಿದಂತೆ.

ಕಂಪನಿಗೆ ಒಂದು ಟಿಪ್ಪಣಿ ಬರೆದೆ. ಕೊನೆಯ ಸಾಲನ್ನು ಕಣ್ಣಿನ ಬಣ್ಣದಿಂದಲ್ಲ, ಮೈಯ ಛಾಯೆಯಿಂದ ಬಿಡಿಸಿ ಮೂರು ಸಾಲು ಮಾಡೋಣ, ಕನ್ನಡದಲ್ಲಿ ಅದಕ್ಕೆ ಪದಗಳಿವೆ ಎಂದು. ಮೂಲದಲ್ಲಿ ಇದ್ದಂತೆಯೇ ಇರಲಿ ಎಂದು ಉತ್ತರ ಬಂತು. ನೀವು ಅದೃಷ್ಟವಂತರು ಎಂದು ಅನುವಾದಿಸಿ ಕಳಿಸಿದೆ. ಬಿಲ್ ಪಾವತಿಯಾಯಿತು.

ಆ ಕೈಪಿಡಿಯಲ್ಲಿ ಪದೇಪದೇ ಬರುತ್ತಿದ್ದ ಇಂಗ್ಲಿಷ್ ಕ್ರಿಯಾಪದದ ಮೂಲ ಅರ್ಥ ಮುಖಸ್ತುತಿ ಮಾಡುವುದು. ಬಣ್ಣ ನಿಮ್ಮನ್ನು ಹೊಗಳುತ್ತದೆ, ತುಸು ಸುಳ್ಳು ಸೇರಿಸಿ. ನಾನು ಅದಕ್ಕೆ ಪ್ರತಿ ಸಲವೂ ಬರೆದ ಪದ ಒಪ್ಪು. ನಮ್ಮಲ್ಲಿ ಬಣ್ಣ ಹೊಗಳುವುದಿಲ್ಲ, ಒಪ್ಪುತ್ತದೆ. ಹಳಗನ್ನಡದಲ್ಲಿ ಒಪ್ಪು ಎಂದರೆ ಚೆಲುವು ಕೂಡ. ಒಪ್ಪ, ಒಪ್ಪಂದ, ಒಪ್ಪಿಗೆ ಎಲ್ಲ ಅದೇ ಬಳ್ಳಿಯವು. ಒಪ್ಪಂದ ಎಂದ ಮೇಲೆ ಎರಡು ಕಡೆಯವರೂ ಇರಬೇಕಲ್ಲ.

ತಂಗಿಗೆ ನಾನು ಬರೆದು ಕಳಿಸಿದ್ದು ಇಷ್ಟು: ಅಂಗಡಿಯ ದೀಪದಡಿ ನೋಡಬೇಡ, ಕಿಟಕಿಯ ಪಕ್ಕ ಕೂತು ಹಗಲು ಬೆಳಕಲ್ಲಿ ನೋಡು. ಕೈಮೇಲೆ ಹಚ್ಚಿ ನೋಡಬೇಡ, ರೆಪ್ಪೆಗೇ ಹಚ್ಚು. ಸೀರೆಯ ಸೆರಗನ್ನು ಕೆನ್ನೆಯ ಪಕ್ಕ ಹಿಡಿದುಕೋ, ಏಕೆಂದರೆ ಬಣ್ಣದ ಗುಣ ನೆರೆಹೊರೆಯಲ್ಲಿದೆ.

ನಿಶ್ಚಿತಾರ್ಥದ ದಿನ ಅವಳು ಅರಿಸಿನ ಬಣ್ಣದ ಸೀರೆ ಉಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿ, ರೆಪ್ಪೆಯ ಮೇಲೆ ನವಿಲುಹಸಿರು ಹಚ್ಚಿಕೊಂಡಿದ್ದಳು. ಚಿಕ್ಕಮ್ಮ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅಭ್ಯಾಸದಂತೆ ಬಾಯಿ ತೆರೆದರು. ನಾನು ಆ ರೂಗಾಗಿ ಕಾದು ನಿಂತಿದ್ದೆ.

"ಲಕ್ಷಣವಾಗಿದಾಳೆ" ಅಂದರು. ಅಷ್ಟೇ ಅಂದರು. ಆಮೇಲೆ ಯಾರ ಕಣ್ಣೂ ತಾಗದಿರಲಿ ಎಂದು ತಮ್ಮ ಕಣ್ಣಂಚಿನ ಕಾಡಿಗೆಯನ್ನು ಬೆರಳಲ್ಲಿ ತೆಗೆದು ಅವಳ ಕಿವಿಯ ಹಿಂದೆ ಒಂದು ಬೊಟ್ಟು ಇಟ್ಟರು.